ಬೀರದೇವರ ಬೇಟದ ಹಿಂಡಿ ಚೀಲಗಳು

ಮಹಾರಾಷ್ಟ್ರದ ಗಡಿಯ ನೂಲ ಎಂಬ ಹಳ್ಳಿಯ ಹಾಲಿನ ಸಂಘದ ಸೆಕ್ರೆಟರಿ ಕಾಡಸಿದ್ದನಿಗೆ ಊರಿನ ಎಮ್ಮೆಗಳ ಹಾಲು ಎಷ್ಟು ಗೊತ್ತಿತ್ತೋ ಆ ಎಮ್ಮೆಗಳ ಮಾಲಕರ ಧ್ವನಿಯೂ ಅಷ್ಟೇ ಗೊತ್ತಿತ್ತು. ಮುಂಜಾನೆ ಆರಕ್ಕೆ ಕ್ಯಾನು ಹಿಡಿದು ಸಾಲು ನಿಂತವರು ತಮ್ಮ ಹಾಲಿಗೆ ಫ್ಯಾಟು ಎಷ್ಟು ಬಂತು ಎಂದು ಕೇಳುವ ಮೊದಲು ಇವತ್ತು ಸೆಕ್ರೆಟರಿಯ ಗಂಟಲಿಗೆ ಯಾರು ಬಂದಿದ್ದಾರೆ ಎಂದು ಕಿವಿಗೊಡುತ್ತಿದ್ದರು. ನೇಸರಿ ಬಸ್ಸಿನ ಕಂಡಕ್ಟರು ಮುಂದೆ ಸರಿಯಿರೆಂದು ಮರಾಠಿಯಲ್ಲಿ ಮೂಗಿನಿಂದ ಎಳೆಯುವ "ಚಲಾ, ಪುಢಂ ಸರಕಾ" ಇರಲಿ, ಸರಪಂಚರು ಭಾಷಣಕ್ಕೆ ಮೊದಲು ಮೂರು ಸಲ ಕೆಮ್ಮಿ ನಾಲ್ಕನೆಯದಕ್ಕೆ ವಿಷಯ ಮರೆಯುವುದಿರಲಿ, ಹಾಲಿನ ಟ್ಯಾಂಕರು ಹಿಂದಕ್ಕೆ ಸರಿಯುವಾಗಿನ ಪೀಂ ಪೀಂ ಇರಲಿ, ಎಲ್ಲವೂ ಅವನ ಬಳಿ ದಾಸ್ತಾನಿತ್ತು. ಸೆಕ್ರೆಟರಿ ಎನ್ನುವ ಶಬ್ದದೊಳಗೇ ಸೀಕ್ರೆಟ್ ಕೂತಿದ್ದರೂ ಈ ಸೆಕ್ರೆಟರಿಯ ಹೊಟ್ಟೆಯಲ್ಲಿ ಮಾತ್ರ ಏನೂ ನಿಲ್ಲುತ್ತಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ನಗು ತರುತ್ತಿದ್ದವಳು ಕುರಿಗಾರರ ನಾಗೂಬಾಯಿ. ಹೊಳೆಯ ಆಚೆ ದಂಡೆಯಲ್ಲಿದ್ದ ಗಂಡ ಜೋತಿಬಾನನ್ನು ಅವಳು ಕರೆಯುವ ರೀತಿಯೇ ಬೇರೆ. "ಏ ಇವರs, ಕೇಳಸ್ತೈತೇನು, ಇಲ್ಲಾ ಕಿವ್ಯಾಗೂ ಉಣ್ಣಿ ಬೆಳದೈತೇನು?" ಕಿವಿಯ ಉಣ್ಣೆಯ ಈ ಮಾತನ್ನು ಕಾಡಸಿದ್ದ ಅವಳ ಧ್ವನಿಯಲ್ಲಿ ತೆಗೆದರೆ ಸಾಲಿನಲ್ಲಿದ್ದವರ ಕ್ಯಾನುಗಳು ತುಳುಕುತ್ತಿದ್ದವು. ಒಮ್ಮೆ ನಾಗೂಬಾಯಿ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಪೂರ್ತಿ ಕೇಳಿಸಿಕೊಂಡು, "ಧನಿ ಬರೋಬರಿ ಐತ್ರಿ ಸೆಕ್ರೆಟರಿ. ಕುರಿ ಎಲ್ಲಿ ಅದಾವ?" ಅಂದಳು. ಅಂದಿನಿಂದ ಅವಳು ಬರುವ ಹೊತ್ತಿಗೆ ಅವನು ಆ ಧ್ವನಿಯನ್ನು ಒಳಗಿಡುತ್ತಿದ್ದ.

ಅದೇ ನಾಗೂಬಾಯಿ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಂದು ಸಂಘದ ಕಟ್ಟೆಯ ಮೇಲೆ ಕೂತಳು.

"ಸೆಕ್ರೆಟರಿ, ನಿಮ್ಮ ಅಳಿಯ ಇಚಲಕರಂಜ್ಯಾಗ ಕಸಾ ಆರಸೋ ಮಂದಿ ಕೂಡಸ್ಯಾನಂತ. ಖರೇನ?"

"ಖರೇರಿ ಕಾಕು. ಆಯಿತವಾರಕ್ಕೊಮ್ಮಿ ಎಲ್ಲೆರ ಹೊಳಿ ದಂಡಿಗೆ ಹೋಗಿ ಸ್ವಚ್ಛ ಮಾಡ್ತಾರ."

"ಹಂಗಾರ ನಮ್ಮ ಬೇಟಕ್ಕ ಒಮ್ಮಿ ಕರೀರಿ. ಉಣ್ಣಿ ಕತ್ತರಸೂದು ಬಂತು. ಕುರಿ ಮೈ ತೊಳದು ಉಸುಕಿನ ಮ್ಯಾಲ ಒಣಗಾಕ ಬಿಟ್ರ ಮೈತುಂಬ ಚಿಪ್ಸಿನ ಪಾಕೀಟ, ಗುಟಕಾದ ಪುಡಿ ಮೆತ್ತಗೊಂಡ ಏಳತಾವ. ಹ್ವಾದ ವರ್ಷ ನಾ ಕತ್ತರಸಿದ್ದು ಉಣ್ಣಿನೋ, ಕಿರಾಣಿ ಅಂಗಡಿನೋ, ನನಗs ತಿಳೀಲಿಲ್ಲ."

ಬೇಟ ಎಂದರೆ ನಡುಗಡ್ಡೆ. ಮರಾಠಿಯ ಈ ಶಬ್ದವೇ ಊರಲ್ಲಿ ಎಲ್ಲರ ಬಾಯಲ್ಲಿದೆ. ಊರಿನ ಕೆಳಗೆ ಹಿರಣ್ಯಕೇಶಿ ಎರಡಾಗಿ ಒಡೆದು, ನಡುವೆ ಉದ್ದಕ್ಕೊಂದು ಬೇಟ ಬಿಟ್ಟು, ಮುಂದೆ ಮತ್ತೆ ಒಂದಾಗುತ್ತದೆ. ಎರಡೂ ಬದಿಗೆ ಬಿಳಿ ಉಸುಕು, ನಡುವೆ ಹುಲ್ಲು, ಹತ್ತಿಪ್ಪತ್ತು ಹುಲಗಲ ಎಂಬ ಹೊಂಗೆಯ ಗಿಡ, ಅವುಗಳ ಬುಡದಲ್ಲಿ ಕುರಿಗಾರರ ದೇವರಾದ ಬೀರದೇವರ ಸೊಂಟದೆತ್ತರದ ಗುಡಿ. ಮಳೆಗಾಲದಲ್ಲಿ ಎಲ್ಲ ನೀರೊಳಗೆ. ನೀರು ಇಳಿದಾಗ ಮೇಲಿನ ಊರುಗಳ ಸಂತೆಯೆಲ್ಲ ಆ ಗಿಡಗಳ ಟೊಂಗೆಗೆ ಸಿಕ್ಕಿಕೊಂಡು ಜೋತಾಡುತ್ತಿರುತ್ತದೆ. ಉಳಿದದ್ದನ್ನು ಬೈಕಿನ ಮೇಲೆ ಪಾರ್ಟಿಗೆ ಬರುವವರು ತುಂಬಿಸಿಕೊಡುತ್ತಾರೆ.

ಫೆಬ್ರುವರಿಯ ಎರಡನೆಯ ಆಯಿತವಾರ ಅಳಿಯ ವಿಶಾಲ ಮೂವತ್ನಾಲ್ಕು ಜನರನ್ನು ಕರೆತಂದ. ಅರ್ಧ ಇಚಲಕರಂಜಿಯ ಮಗ್ಗದವರು, ಉಳಿದವರು ಕೊಲ್ಲಾಪುರದ ಕಾಲೇಜಿನವರು ಮತ್ತು ಶಿರೋಳಿಯ ಫೌಂಡ್ರಿಯಲ್ಲಿ ವಾರದ ರಜೆ ಸಿಕ್ಕವರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಸ್ವಯಂಸೇವಕರು ಬಂದವರೇ ಮೊದಲು ಮಾಡಿದ್ದು, ಕಾಡಸಿದ್ದನ ಹೆಂಡತಿ ಶಾಲನ ಮಾಡಿಟ್ಟಿದ್ದ ಉಪ್ಪಿಟ್ಟಿನ ಸ್ವಯಂ ಸೇವನೆ. ಆದರೆ ಉಂಡವರು ದುಡಿದರು, ಅದರಲ್ಲಿ ಸುಳ್ಳಿಲ್ಲ. ಮೊಣಕಾಲುದ್ದ ನೀರು ದಾಟಿ, ಬಿಸಿಲಿನಲ್ಲಿ ಬಗ್ಗಿ ಬಗ್ಗಿ, ಉಸುಕಿನೊಳಗಿಂದ ಗುಟಕಾ, ಶಾಂಪೂಗಳ ಖಾಲಿ ಪೊಟ್ಟಣವಾದ ಒಂದೊಂದು ಪುಡಿಯನ್ನೂ ಎಳೆದು ತೆಗೆದರು.

ಒಂದೇ ತಾಸಿನಲ್ಲಿ ಚೀಲ ಮುಗಿದವು. ವಿಶಾಲ ತಂದಿದ್ದು ಐದೇ ಕರಿಯ ಚೀಲ. ಉಳಿದ ಕಟ್ಟು ಇಚಲಕರಂಜಿಯ ಮನೆಯ ಪಡಸಾಲೆಯಲ್ಲೇ ಇತ್ತು.

"ಮಾಮಾ, ಏನ ಮಾಡೂನ್ರಿ?"

"ಸಂಘದ ಗೋದಾಮಿನ್ಯಾಗ ಹಿಂಡಿ ಚೀಲ ಬಿದ್ದಾವಲ್ಲ," ಎಂದ ಕಾಡಸಿದ್ದ. ಹೊಳೆದದ್ದೇ ತಡ, ಬೈಕು ಹತ್ತಿ ಹೋಗಿ ಮೂವತ್ತೆಂಟು ಖಾಲಿ ಚೀಲ ಹೊತ್ತು ತಂದ. ಎಮ್ಮೆಗಳಿಗೆಂದು ಸಂಘ ತರಿಸುವ ಹಿಂಡಿಯ ಚೀಲಗಳು ಅವು. ಪ್ಲಾಸ್ಟಿಕ್ಕಿನ ಎಳೆಯಲ್ಲಿ ನೇಯ್ದವು, ಗಟ್ಟಿ. ಒಳಗೆ ಹಿಂಡಿಯ ಹುಡಿ, ಉಪ್ಪು, ಕಾಕಂಬಿಯ ಸಿಹಿ ವಾಸನೆ. ಗೋದಾಮಿನ ಬಾಗಿಲಲ್ಲಿ ಶಾಲನ ಕೇಳಿದ್ದಳು, "ಝಾಡಿಸಿ ಒಯ್ಯಾಕತ್ತೀರೋ, ಹಂಗs ಒಯ್ಯಾಕತ್ತೀರೋ?"

"ಕಸಾ ತುಂಬಾಕ ಚೀಲಾ ತೊಳದ ಒಯ್ಯೂದೇನ? ನೀ ಒಬ್ಬಾಕಿ."

ಮಧ್ಯಾಹ್ನ ಮೂರಕ್ಕೆ ಬೇಟ ಬೋಳಾಗಿ ಹೊಳೆಯುತ್ತಿತ್ತು. ಚೀಲಗಳನ್ನೆಲ್ಲ ಗುಡಿಯ ಬದಿಗೆ ಒಟ್ಟಿದರು. ಫೋಟೋ ಆಯಿತು. ಒಯ್ಯಬೇಕಿದ್ದ ಟ್ರ್ಯಾಕ್ಟರು ಕಬ್ಬು ಹೇರಿಕೊಂಡು ಕಾರ್ಖಾನೆಯ ಸಾಲಿನಲ್ಲಿ ನಿಂತಿತ್ತು. ಹಂಗಾಮು ಜೋರು, ಮಂಗಳವಾರದವರೆಗೆ ಸಿಗುವಂತಿರಲಿಲ್ಲ. "ಎಲ್ಲಿ ಹೋಗ್ತಾವ, ಇಲ್ಲೇ ಇರ್ಲಿ," ಎಂದ ಕಾಡಸಿದ್ದ. ಫೋಟೋಕ್ಕೆ ಎಲ್ಲರೂ ಸೇರುತ್ತಿದ್ದಾಗಲೇ ಕೊಲ್ಲಾಪುರದ ಒಬ್ಬ ಹುಡುಗಿ ಹುಲಗಲ ಗಿಡದ ಟೊಂಗೆಗೆ ಕಟ್ಟಿದ್ದ ಹಳೆಯ ಉಣ್ಣೆಯ ಗೊಂಚಲನ್ನು ಹರಿದ ದಿಂಬಿನ ಹತ್ತಿಯೆಂದು ತಿಳಿದು ಬಿಚ್ಚಿ ಒಂದು ಕರಿಯ ಚೀಲದೊಳಗೆ ತುರುಕಿ ಮತ್ತೆ ಬಾಯಿ ಕಟ್ಟಿದ್ದಳು. ಪ್ರತಿ ವರ್ಷ ಬೀರದೇವರಿಗೆಂದು ಜೋತಿಬಾನ ಮನೆತನ ಕಟ್ಟುತ್ತಿದ್ದ ಮೊದಲ ಕತ್ತರಿಯ ಉಣ್ಣೆ ಅದು. ಕಾಡಸಿದ್ದ ಅದನ್ನು ನೋಡಲಿಲ್ಲ. ಫೋಟೋದಲ್ಲಿ ನಿಲ್ಲುವ ಗಡಿಬಿಡಿಯಲ್ಲಿದ್ದ.

ಸೋಮವಾರ ಅವನು ಹಾಲಿನ ಸಭೆಗೆಂದು ಕೊಲ್ಲಾಪುರಕ್ಕೆ ಹೋದ. ಮಂಗಳವಾರ ಹೊತ್ತು ಬಾಗಿದ ಮೇಲೆ ಟ್ರ್ಯಾಕ್ಟರು ಸಿಕ್ಕಿತೆಂದು ಬೇಟಕ್ಕೆ ಬಂದ. ಟ್ರ್ಯಾಕ್ಟರು ಈಚೆ ದಂಡೆಗೆ ನಿಂತಿತು. ಅವನು ಒಬ್ಬನೇ ನೀರು ದಾಟಿ ಗುಡಿಯ ಹತ್ತಿರ ಹೋದ.

ಒಟ್ಟಿದ್ದ ಚೀಲಗಳು ಉರುಳಿ ಬಿದ್ದಿದ್ದವು. ಆರಿಸಿದ್ದ ಕಸದಲ್ಲಿ ಅರ್ಧ ಮತ್ತೆ ಉಸುಕಿನ ಮೇಲಿತ್ತು. ಉಸುಕಿನ ತುಂಬ ಕುರಿ ಹೆಜ್ಜೆ, ಹಿಕ್ಕೆ. ನಾಯಿ ಎಳೆದಿರಬೇಕು ಅಂದುಕೊಂಡವನು ಒಂದು ಚೀಲ ಎತ್ತಿ ತಿರುಗಿಸಿದ. ಹರಿದದ್ದು ಬಾಯಿಯಲ್ಲಲ್ಲ, ತಳದಲ್ಲಿ. ಹೊಲಿಗೆಯ ಮೂಲೆ ಎರಡೂ ಇರಲಿಲ್ಲ. ಇನ್ನೊಂದು ನೋಡಿದ, ಅದರಲ್ಲೂ ಮೂಲೆಗಳೇ ಇಲ್ಲ. ಮೂರನೆಯದರಲ್ಲಿ ಒಂದು ಮೂಲೆ ಉಳಿದಿತ್ತು. ಅದರೊಳಗೆ ಬೆರಳು ಹಾಕಿದರೆ ಇಬ್ಬನಿಗೆ ನೆನೆದ ಹಿಂಡಿಯ ಮುದ್ದೆ ಸಿಕ್ಕಿತು. ಮೂಗಿಗೆ ಹಿಡಿದ. ಕಾಕಂಬಿ.

ಮೂವತ್ತೆಂಟನ್ನೂ ಎಣಿಸಿದ. ಒಂದೂ ಇಡಿಯಾಗಿರಲಿಲ್ಲ. ಪಕ್ಕದಲ್ಲಿ ವಿಶಾಲನ ಐದು ಕರಿಯ ಚೀಲಗಳು ಕಟ್ಟಿದ ಬಾಯಿ ಕಟ್ಟಿದಂತೆಯೇ ಕೂತಿದ್ದವು. ಹಿಂಡಿಯ ವಾಸನೆಗೆ ಹಿಂಡೇ ಬಂದಿತ್ತು. ಹುಡಿಯ ಜೊತೆಗೆ ಚೀಲದ ಎಳೆ, ಎಳೆಯ ಜೊತೆಗೆ ಚೀಲದೊಳಗಿನ ಪುಡಿ ಪಾಕೀಟು ಎಲ್ಲವನ್ನೂ ಜಗಿದು ಹೋಗಿತ್ತು.

ಕುರಿಗಾರರ ಬಿಡಾರ ಆಚೆ ದಂಡೆಯಲ್ಲಿತ್ತು. ಕಾಡಸಿದ್ದ ಪ್ಯಾಂಟು ಮಡಚುವುದನ್ನೂ ಮರೆತು ಆಚೆ ಕವಲನ್ನು ದಾಟಿದ. ಕಂಬಳಿ ಹೊದಿಸಿದ ಒಂದು ಸತ್ತ ಕುರಿ ಬೇಲಿಯ ಪಕ್ಕಕ್ಕಿತ್ತು. ಹನ್ನೊಂದು ಹೆಣ್ಣುಕುರಿಗಳು ಹಿಂಡಿನಿಂದ ಬೇರೆಯಾಗಿ, ಕಿವಿ ಇಳಿಬಿಟ್ಟು, ಎಡಗಡೆ ಹೊಟ್ಟೆ ಡೊಳ್ಳಿನಂತೆ ಉಬ್ಬಿಸಿಕೊಂಡು ನಿಂತಿದ್ದವು. ಒಂದರ ಬಾಯೂ ಅಲ್ಲಾಡುತ್ತಿರಲಿಲ್ಲ. ಮೆಲುಕು ನಿಂತಿತ್ತು. ಜೋತಿಬಾ ಹಿತ್ತಾಳೆಯ ಬಟ್ಟಲಲ್ಲಿ ದೇವರ ಭಂಡಾರದ ಅರಿಸಿನ ಕಲಸುತ್ತ ಕೂತಿದ್ದ. ನಾಗೂಬಾಯಿ ಒಂದು ಕುರಿಯ ಹೊಟ್ಟೆಯನ್ನು ಅಂಗೈಯಿಂದ ತಿಕ್ಕುತ್ತಿದ್ದಳು.

ಕಾಡಸಿದ್ದ ಕೈ ಮುಗಿದ. "ಕಾಕಾ, ತಪ್ಪು ನಂದೈತ್ರಿ. ಆ ಹಿಂಡಿ ಚೀಲ ನಾ ಕೊಟ್ಟೇನಿ. ವಾಸನಿಗೆ ಕುರಿ ಚೀಲಾ ಹರದು ಪ್ಲಾಸ್ಟಿಕ್ ತಿಂದಾವ."

ಜೋತಿಬಾ ತಲೆಯೆತ್ತಿ ನೋಡಿದ. "ಇದು ಯಾರ ಸೋಂಗ, ಯಾರನ್ನ ಅಣಗಸಾಕತ್ತೀರಿ, ಸೆಕ್ರೆಟರಿ? ಸರಪಂಚಂದೇನ?"

"ಸೋಂಗ ಅಲ್ರಿ. ಖರೇ ಹೇಳಾಕತ್ತೇನಿ."

"ಅವನೂ ಹಿಂಗs ಕೈ ಮುಗೀತಾನ. ಬರೋಬರಿ ಆಗೇತಿ, ಹೋಗ್ರಿನ್ನ." ಜೋತಿಬಾ ಬಟ್ಟಲು ಕೆಳಗಿಟ್ಟ. "ನಿಮ್ಮ ಮಂದಿ ದೇವರ ಗಿಡದ ಉಣ್ಣಿ ಬಿಚ್ಚಿ ಒಯ್ದಾರ. ನಮ್ಮ ಅಪ್ಪ ಕಟ್ಟಿದ ಉಣ್ಣಿ ಇತ್ತು ಅದರಾಗ. ಅದನ್ನ ಮುಚ್ಚಾಕ ಚೀಲದ ಮಾತು ತಂದೀರೇನು?"

ಉಣ್ಣೆಯ ವಿಷಯ ಕಾಡಸಿದ್ದನಿಗೆ ತಿಳಿದದ್ದು ಆಗಲೇ. ಒಂದು ತಪ್ಪು ಒಪ್ಪಲು ಬಂದವನ ತಲೆಯ ಮೇಲೆ ಎರಡನೆಯದು ಬಿತ್ತು. "ಅದೂ ತಪ್ಪಾಗೇತ್ರಿ. ಆದ್ರ ಕುರಿ ಸಾಯಾಕತ್ತಿದ್ದು ಹೊಟ್ಟ್ಯಾಗಿನ ಪ್ಲಾಸ್ಟಿಕ್ಕಿನಿಂದ. ಡಾಕ್ಟರನ್ನ ಕರಕೊಂಡ ಬರ್ತೇನಿ."

"ಡಾಕ್ಟರ ಬ್ಯಾಡ. ನಾಳೆ ಹೊತ್ತು ಮುಳುಗಿದ ಮ್ಯಾಲ ಹಿಂಡು ಬೇಟಕ್ಕ ಹಾಯಸ್ತೇನಿ. ಏಳು ದಿನ ದೇವರ ಮುಂದ ಇರ್ತಾವ. ಏಳು ದಿನ ಯಾವ ಔಷಧಾನೂ ಮುಟ್ಟಸೂದಿಲ್ಲ."

"ಬೇಟದ ಮ್ಯಾಲ ಇನ್ನೂ ಆ ಕಸಾ ಬಿದ್ದೈತ್ರಿ ಕಾಕಾ. ಮತ್ತ ತಿಂತಾವ."

ನಾಗೂಬಾಯಿ ಹೊಟ್ಟೆ ತಿಕ್ಕುವ ಕೈ ನಿಲ್ಲಿಸಿದಳು. "ಕುರಿ ಹೊಟ್ಟ್ಯಾಗ ಹೊಕ್ಕು ನೋಡಿ ಬಂದಂಗ ಮಾತಾಡ್ತೀರಲ್ಲ."

"ಚೀಲಾ ನೋಡೇನ್ರಿ ಕಾಕು."

"ಚೀಲಾ ನೋಡೀರಿ. ನಾ ಕೇಳಿದ್ದು ಹೊಟ್ಟಿ."

ಕಾಡಸಿದ್ದ ವಾಪಸು ಬೇಟಕ್ಕೆ ಬಂದು, ಹೊತ್ತು ಮುಳುಗುವವರೆಗೆ ಬಾಯಿ ಕಟ್ಟಿದ್ದ ಕರಿಯ ಚೀಲಗಳನ್ನು ಅಲ್ಲೇ ಬಿಟ್ಟು, ಚೆಲ್ಲಿದ್ದರಲ್ಲಿ ಕೈಗೆ ಸಿಕ್ಕ ಕಸವನ್ನು ಹೊತ್ತು ಹೊತ್ತು ಟ್ರ್ಯಾಕ್ಟರಿಗೆ ಹಾಕಿದ. ಗಾಳಿ ಎದ್ದಿತ್ತು. ಒಬ್ಬನ ಕೈಗೆ ಅರ್ಧವೂ ಸಿಗಲಿಲ್ಲ.

ಮನೆಗೆ ಬಂದು ವಿಶಾಲನಿಗೆ ಫೋನು ಹಚ್ಚಿದ. ವಿಶಾಲ ಪೂರ್ತಿ ಕೇಳಿಸಿಕೊಂಡು ದನಿ ತಗ್ಗಿಸಿದ.

"ಮಾಮಾ, ಯಾಕ ಸುಮ್ಮಸುಮ್ಮನ ಮೈಮ್ಯಾಲ ಹಾಕ್ಕೋತೀರಿ? ಬೈಕಿನ ಪಾರ್ಟಿ ಮಂದಿ ಒಗದದ್ದು ತಿಂದಾವಂತ ಹೇಳ್ರಿ. ಬರೋ ಆಯಿತವಾರ ಕೊಲ್ಲಾಪುರದಾಗ ನಮ್ಮ ಸತ್ಕಾರ ಐತಿ."

"ನಿನ್ನ ಐದು ಕರೀ ಚೀಲದಾಗ ಒಂದೂ ಹರದಿಲ್ಲೋ ವಿಶಾಲ. ನನ್ನ ಚೀಲಷ್ಟs ಹರದಾವ."

"ನೋಡ್ರಿ ಮತ್ತ, ನಮ್ಮ ಚೀಲದ ಕ್ವಾಲಿಟಿ."

ಕಾಡಸಿದ್ದ ಫೋನು ಇಟ್ಟ. ಶಾಲನ ತಾಟು ಮುಂದಿಟ್ಟು ಕೂತಳು. ಚೀಲ ಝಾಡಿಸುವ ಮಾತನ್ನು ಅವಳು ಎತ್ತಲಿಲ್ಲ. ಎತ್ತಿದ್ದರೇ ಅವನಿಗೆ ಹಗುರಾಗುತ್ತಿತ್ತು.

"ನಾಳೆ ಮುಂಜಾನೆ ಡಾಕ್ಟರಬಾಯಿನ್ನ ಕರಕೊಂಡs ಹೋಗ್ರಿ," ಅಂದಳು. "ಬ್ಯಾಡಂದ್ರೂ ಹೋಗ್ರಿ. ಬೈದ್ರ ಬೈಸ್ಕೋರಿ. ಮಂದಿನ್ನ ಅಣಗಸಾಕ ಬರ್ತೈತಿ, ಬೈಸ್ಕೊಳ್ಳಾಕ ಬರೂದಿಲ್ಲೇನ?"

ದನದ ಡಾಕ್ಟರಬಾಯಿ ಪ್ರಾಜಕ್ತಾ ಕೊಲ್ಲಾಪುರದವಳು, ಈ ಕಡೆಯ ಹಳ್ಳಿಗಳಿಗೆ ಬಂದು ಒಂದೂವರೆ ವರ್ಷವಾಗಿತ್ತು. ಕನ್ನಡ ಕಲಿತಿದ್ದಳು, ಎಮ್ಮೆಗೆ ಬೇಕಾದಷ್ಟು. "ಬಾಯಿ ತಗೀ, ಸುಮ್ಮ ನಿಲ್ಲ, ಕಾಲ ಎತ್ತ," ಎನ್ನುವುದನ್ನೇ ಮನುಷ್ಯರಿಗೂ ಬಳಸುತ್ತಿದ್ದಳು. ಬುಧವಾರ ಎಂಟು ಗಂಟೆಗೆ ಇಬ್ಬರೂ ಬಿಡಾರ ತಲುಪಿದಾಗ ಕಂಬಳಿಯ ಕೆಳಗೆ ಎರಡು ಕುರಿಗಳಿದ್ದವು. ಮೊದಲಿನ ಹನ್ನೊಂದರಲ್ಲಿ ಒಂದು ರಾತ್ರಿ ಹೋಗಿತ್ತು.

ಪ್ರಾಜಕ್ತಾ ಉಳಿದ ಹತ್ತನ್ನೂ ಮುಟ್ಟದೆ ದೂರದಿಂದಲೇ ಸುತ್ತಿ ನೋಡಿ ಬಂದಳು. "ಹೊಟ್ಟ್ಯಾಗ ಗ್ಯಾಸ ತುಂಬೇತಿ. ನಳಿ ಹಾಕಿ ಗ್ಯಾಸ ತಗದು, ಎಣ್ಣಿ ಕುಡಸಬೇಕು. ಕೆಲವಕ್ಕ ಕೊಯ್ದು ತಗೀಬೇಕಾಗ್ತೈತಿ. ಸಂಜೀಮಟಾ ವೇಳ ಐತಿ. ಆಮೇಲೆ ಉಪಯೋಗ ನಾಹೀ."

"ಬ್ಯಾಡಂದೇನಲ್ಲ," ಎಂದ ಜೋತಿಬಾ.

ಪ್ರಾಜಕ್ತಾ ಮರಾಠಿಗೆ ತಿರುಗಿದಳು. ಜೋತಿಬಾನೂ ಮರಾಠಿಗೆ ತಿರುಗಿದ. ಎರಡೂ ಭಾಷೆಯಲ್ಲಿ ಅವನ ಉತ್ತರ ಒಂದೇ ಇತ್ತು. ಕಾಡಸಿದ್ದ ನಡುವೆ ಬಾಯಿ ಹಾಕಿದ. ತನ್ನ ಎದೆ ತಟ್ಟಿ ಹೇಳಿದ, ಬೀರದೇವರ ಆಣೆ ಇಟ್ಟು ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ತನ್ನ ಧ್ವನಿ ಯಾರದೋ ಧ್ವನಿಯಂತೆ ಕೇಳಿಸತೊಡಗಿತು. ಇಪ್ಪತ್ತು ವರ್ಷ ಊರನ್ನು ನಗಿಸಿದವನ ಬಾಯಲ್ಲಿ ಅಳುವ ಮಾತಿಗೂ ನಗುವ ಮಾತಿಗೂ ಕೇಳುವವರು ವ್ಯತ್ಯಾಸ ಹುಡುಕುವುದನ್ನು ಬಿಟ್ಟಿದ್ದರು.

ನಾಗೂಬಾಯಿ ರಾತ್ರಿ ಸತ್ತ ಕುರಿಯ ಮೇಲಿನ ಕಂಬಳಿ ಸರಿಸಿದಳು.

"ಸೆಕ್ರೆಟರಿ ಪ್ಲಾಸ್ಟಿಕ್ ಅಂತಾರ. ನೀವು ದೇವರ ಸಿಟ್ಟಂತೀರಿ," ಎಂದು ಗಂಡನಿಗೆ ಹೇಳಿದಳು. "ಇಬ್ಬರೂ ನೋಡಿಲ್ಲ. ಹೊಟ್ಟಿ ಇಲ್ಲೇ ಐತಿ. ಕೊಯ್ದು ನೋಡೂನು."

"ದೇವರು ಕರಕೊಂಡ ಕುರಿಗೆ ಚೂರಿ ಹಚ್ಚಬಾರದು. ನಿನಗ ಗೊತ್ತಿಲ್ಲೇನು?" ಅದು ಜೋತಿಬಾನ ಮನೆತನದ ಕಟ್ಟಳೆ. ತಾನಾಗಿ ಸತ್ತ ಕುರಿಯನ್ನು ಅವರು ಇಡಿಯಾಗಿಯೇ ಹೂಳುತ್ತಿದ್ದರು.

"ನಾವು ಹಚ್ಚಬಾರದು," ಅಂದಳು ನಾಗೂಬಾಯಿ. "ಅವರು ಹಚ್ಚಲಿ."

ಪ್ರಾಜಕ್ತಾ ತನ್ನ ಪೆಟ್ಟಿಗೆ ತೆರೆದಳು. ನಾಗೂಬಾಯಿ ಕೈ ಅಡ್ಡ ಹಿಡಿದಳು. "ನೀ ಅಲ್ಲವ್ವ. ತಪ್ಪು ನಂದು ಅಂತ ಹೇಳ್ಕೋತ ನಿಂತಾವ್ರು ಅವರು. ಕೈಯೂ ಅವರದs ಇರ್ಲಿ. ಪ್ಲಾಸ್ಟಿಕ್ ಸಿಕ್ರ ಹತ್ತೂ ಕುರಿ ನಿನ್ನ ಕೈಯಾಗ. ಸಿಗಲಿಲ್ಲಂದ್ರ ಕೊಯ್ದ ಪಾಪ ಸೆಕ್ರೆಟರಿ ಮನಿಗೆ, ಕುರಿ ಬೇಟಕ್ಕ."

ಜೋತಿಬಾ ಅಡ್ಡ ಬರದೆ ಎದ್ದು ಹೋಗಿ ಬೆನ್ನು ಮಾಡಿ ನಿಂತ.

ಕಾಡಸಿದ್ದನ ಮನೆಯಲ್ಲಿ ಏಳು ತಲೆಮಾರಿನಿಂದ ಕೋಳಿಮೊಟ್ಟೆ ಹೊಸ್ತಿಲು ದಾಟಿರಲಿಲ್ಲ. ಸಂತೆಯ ದಿನ ಗಡಹಿಂಗ್ಲಜದಿಂದ ಬರುವಾಗ ಬಸ್ಸಿನಲ್ಲಿ ಪಕ್ಕದವರ ಚೀಲದಲ್ಲಿ ಒಣಮೀನು ಇದೆಯೆಂದು ಅನುಮಾನ ಬಂದರೆ ಅವನು ಊರವರೆಗೆ ನಿಂತೇ ಬರುತ್ತಿದ್ದ. ಈಗ ಅಂಗಿ ಕಳಚಿ ಬೇಲಿಗೆ ಹಾಕಿದ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬನಿಯನ್ನಿನ ಒಳಗಿಂದ ಬೆನ್ನಿಗೆ ಸರಿಸಿಕೊಂಡ. ಪ್ರಾಜಕ್ತಾ ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸು ಕೊಟ್ಟಳು.

"ಮತ್ತ ಪ್ಲಾಸ್ಟಿಕ್," ಅಂದಳು ನಾಗೂಬಾಯಿ. "ಕೆಲಸಾದ ಮ್ಯಾಲ ಇಲ್ಲೇ ಒಗದ ಹೋಗಬ್ಯಾಡ್ರಿ."

"ಎಡಗಡೆ," ಎಂದಳು ಪ್ರಾಜಕ್ತಾ. "ಪಕ್ಕೆಲುಬು ಮುಗದ ಮ್ಯಾಲ, ನಾಲ್ಕು ಬೆರಳು ಹಿಂದ. ಚೂರಿ ಭಾಳ ಆಳ ಬ್ಯಾಡ. ಹಂ, ತಿಥಂಚ, ಅಲ್ಲೇ. ಈಗ ಕೆಳಗ ಎಳೀ."

ಮೊದಲು ಬಂದದ್ದು ಗಾಳಿ. ಕಾಡಸಿದ್ದ ಚೂರಿ ಬಿಟ್ಟು ಹತ್ತು ಹೆಜ್ಜೆ ಆಚೆ ಓಡಿ ಮುಂಜಾನೆಯ ಚಹಾ, ಬಿಸ್ಕೀಟು ಎಲ್ಲವನ್ನೂ ಹೊರಹಾಕಿದ. ಬಾಯಿ ಒರೆಸಿಕೊಂಡು ಬಂದು ಮತ್ತೆ ಕುಕ್ಕರುಗಾಲಲ್ಲಿ ಕೂತ. ಕೈಯನ್ನು ಮಣಿಕಟ್ಟಿನವರೆಗೆ ಒಳಗೆ ಹಾಕಿದ. ಬೆಚ್ಚಗಿತ್ತು. ನೆನೆದ ಹುಲ್ಲು, ಮತ್ತೆ ಹುಲ್ಲು. ಮೊಣಕೈವರೆಗೆ ಹಾಕಿದ. ಹುಲ್ಲೇ ಸಿಗುತ್ತಿತ್ತು. ಪ್ಲಾಸ್ಟಿಕ್ಕು ಸಿಗಲಿ ಎಂದು ಬೇಡಿಕೊಳ್ಳುವುದೋ ಸಿಗದಿರಲಿ ಎಂದು ಬೇಡಿಕೊಳ್ಳುವುದೋ ತಿಳಿಯದೆ ಅವನು ಕಣ್ಣು ಮುಚ್ಚಿದ.

"ಮುಂದ, ಮುಂದ. ಎದಿ ಕಡೆ," ಎಂದಳು ಪ್ರಾಜಕ್ತಾ. "ಬಾಯಿ ಅಲ್ಲಿ ಇರತೈತಿ, ಹೊಟ್ಟೀದು."

ಬೆರಳಿಗೆ ಹಗ್ಗದಂಥದು ತಾಗಿತು. ಹಿಡಿದು ಎಳೆದ. ಬರಲಿಲ್ಲ. ಎರಡು ಸುತ್ತು ಬೆರಳಿಗೆ ಸುತ್ತಿಕೊಂಡು ಎಳೆದ. ತೆಂಗಿನಕಾಯಿಗಿಂತ ಸ್ವಲ್ಪ ಸಣ್ಣದು, ಒದ್ದೆ ಉಂಡೆಯೊಂದು ಹೊರಗೆ ಬಂತು. ಬಿಳಿಯ ಎಳೆ, ಎಳೆಗೆ ಎಳೆ ಹೊಸೆದುಕೊಂಡು, ಒಳಗೆ ಶಾಂಪೂ ಪುಡಿ, ಗುಟಕಾ ಪುಡಿ, ಬಿಸ್ಕೀಟಿನ ಹಾಳೆ ಎಲ್ಲವನ್ನೂ ಬಿಗಿದು ಹಿಡಿದಿತ್ತು. ಹೊರಗಿನ ಎಳೆಗಳ ಮೇಲೆ ನೀಲಿ ಅಕ್ಷರಗಳು. ಸಂಘದ ಹೆಸರೊತ್ತಿದ ಶಿಕ್ಕೆ ಅರ್ಧ ಓದಲು ಬರುತ್ತಿತ್ತು.

ನಾಗೂಬಾಯಿ ಅದನ್ನು ಅವನ ಕೈಯಿಂದ ತೆಗೆದುಕೊಂಡು ನೀರಿನ ಅಂಚಿಗೆ ಹೋದಳು. ತೊಳೆದಳು, ಹಿಂಡಿದಳು, ಮೂಗಿಗೆ ಹಿಡಿದಳು. ತಂದು ಗಂಡನ ಮುಂದೆ ನೆಲದ ಮೇಲೆ ಇಟ್ಟಳು. ಜೋತಿಬಾ ಕೋಲಿನ ತುದಿಯಿಂದ ಅದನ್ನು ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಹೊರಳಿಸಿದ. ಅಕ್ಷರ ಓದಲು ಅವನಿಗೆ ಬರುತ್ತಿರಲಿಲ್ಲ. ಆದರೆ ಸಂಘದ ನೀಲಿ ಶಿಕ್ಕೆಯನ್ನು ದಿನಾ ನೋಡಿದ್ದ.

"ಡಾಕ್ಟರಬಾಯಿ," ಎಂದ ಕೋಲು ಎತ್ತಿಕೊಂಡು, "ಯಾವ ಕುರಿ ಮೊದಲ ಹಿಡೀಲಿ?"

ಅಂದು ಕತ್ತಲಾಗುವವರೆಗೆ ಹತ್ತೂ ಕುರಿಗಳ ಬಾಯಿ ಬಿಡಿಸಿ ಹಿಡಿದದ್ದು ಕಾಡಸಿದ್ದನೇ. ನಳಿಕೆ ಇಳಿಸಿ, ಗಾಳಿ ತೆಗೆದು, ಎಣ್ಣೆ ಕುಡಿಸಿದರು. ಎರಡನ್ನು ಪ್ರಾಜಕ್ತಾ ಅಲ್ಲಿಯೇ ಕೊಯ್ದು ಉಂಡೆ ತೆಗೆದು ಹೊಲಿದಳು. ವಿಶಾಲನೂ ಸಂಜೆಗೆ ನಾಲ್ಕು ಜನರನ್ನು ಕರೆದುಕೊಂಡು ಬಂದ. ಉಂಡೆಯ ಫೋಟೋವನ್ನು ಮಾಮಾ ಮಧ್ಯಾಹ್ನವೇ ಕಳಿಸಿದ್ದ. ವಿಶಾಲ ಅದನ್ನು ನೋಡಿ ಮಗ್ಗ ನಿಲ್ಲಿಸಿ ಹೊರಟಿದ್ದ. ಐವರೂ ಬ್ಯಾಟರಿ ಬೆಳಕಿನಲ್ಲಿ ಬೇಟವನ್ನು ಮತ್ತೊಮ್ಮೆ ಆರಿಸಿದರು. ಈ ಸಲ ಒಂದು ಚೀಲ ತುಂಬಿದ ಕೂಡಲೇ ಆ ಚೀಲವನ್ನು ದಂಡೆಗೆ ದಾಟಿಸಿದರು. ದೇವರ ಉಣ್ಣೆ ಒಂದು ಕರಿಯ ಚೀಲದಲ್ಲಿ ಸಿಕ್ಕಿತು. ವಿಶಾಲ ಅದನ್ನು ಎರಡೂ ಕೈಯಿಂದ ಕೊಟ್ಟ. ಜೋತಿಬಾ ಇಸಿದುಕೊಂಡು ಹಣೆಗೆ ಮುಟ್ಟಿಸಿಕೊಂಡ.

ಹೊರಡುವಾಗ ನಾಗೂಬಾಯಿ ಕಾಡಸಿದ್ದನನ್ನು ತಡೆದಳು.

"ಸೆಕ್ರೆಟರಿ, ನಾಳೆ ಮುಂಜಾನೆ ಡೇರ್‍ಯಾಗ ಇದನ್ನ ಎಲ್ಲಾರ ಮುಂದ ಹೇಳ್ರಿ. ಆ ಚೀಲಾ ಮನಿಮನ್ಯಾಗ ಅದಾವ. ಆಡು, ಆಕಳ, ಎಮ್ಮಿ ಎಲ್ಲಾರ ಮನ್ಯಾಗೂ ಅದಾವ."

"ಹೇಳ್ತೇನ್ರಿ ಕಾಕು."

"ನನ್ನ ಧನಿ ತಗೀಬ್ಯಾಡ್ರಿ. ಯಾರ ಧನೀನೂ ತಗೀಬ್ಯಾಡ್ರಿ. ನಿಮ್ಮದs ತಗೀರಿ."

ಗುರುವಾರ ಮುಂಜಾನೆ ಆರಕ್ಕೆ ಸಾಲು ನಿಂತಿತ್ತು. ಕಾಡಸಿದ್ದ ಹಾಲಿನ ಮಾಪು ಕೆಳಗಿಟ್ಟು, ಮೇಜಿನ ಹಿಂದಿನಿಂದ ಎದ್ದು ನಿಂತು ಹೇಳಿದ. ನಾಗೂಬಾಯಿಯ ಹೆಸರು ಬಂದ ಕೂಡಲೇ ಮುಂದೆ ನಿಂತಿದ್ದ ಮೂವರು ರೂಢಿಯ ಮೇಲೆ ನಕ್ಕರು. ಕಿವಿಯಲ್ಲಿ ಉಣ್ಣೆ ಬೆಳೆಯುವ ಮಾತು ಬರುತ್ತದೆಂದು ಹಿಂದಿನವರು ಕತ್ತು ಉದ್ದ ಮಾಡಿದರು. ಬರಲಿಲ್ಲ. ಅವನು ಹಿಂಡಿ ಹುಡಿ ಎಂದ, ಚೀಲದ ಮೂಲೆ ಎಂದ, ಹೊಟ್ಟೆಯೊಳಗಿನ ಉಂಡೆ ಎಂದ, ಝಾಡಿಸದೆ ಒಯ್ದವನು ನಾನು ಎಂದ. ನಡುವೆ ಎರಡು ಸಲ ಧ್ವನಿ ಕೈಕೊಟ್ಟಿತು. ಅದಕ್ಕೆ ಅಭ್ಯಾಸವಿರಲಿಲ್ಲ. ಖಾಲಿ ಚೀಲ ಇನ್ನು ಮೇಲೆ ಸಂಘಕ್ಕೆ ವಾಪಸು ಕೊಡಿರೆಂದು ಮುಗಿಸಿ ಕೂತ.

ಮುಂದಿದ್ದ ಮುದುಕ ಬಾಳಗೊಂಡ ಕ್ಯಾನು ಮೇಜಿನ ಮೇಲಿಟ್ಟ.

"ನಮ್ಮ ಮನ್ಯಾಗ ಆರು ಚೀಲ ಅದಾವ, ಸಂಜೀಗಿ ತರ್ತೇನಿ," ಅಂದ. "ಈಗ ನನ್ನ ಫ್ಯಾಟ ಎಷ್ಟ ಬಂತು ಹೇಳ್ರಿ."

ಹೊಲಿದ ಎರಡು ಕುರಿಗಳಲ್ಲಿ ಒಂದು ಅದೇ ದಿನ ಸತ್ತಿತು. ಉಳಿದ ಒಂಬತ್ತರಲ್ಲಿ ಎಂಟು ಶುಕ್ರವಾರದ ಹೊತ್ತಿಗೆ ಮೆಲುಕು ಹಾಕತೊಡಗಿದವು. ಒಂದು ಮಾತ್ರ ಹಾಕಲಿಲ್ಲ. ಹೊಲಿಗೆ ಬಿದ್ದ ಇನ್ನೊಂದು ಕುರಿ ಅದು. ಚಂದ್ರಿ ಎಂದು ಅದಕ್ಕೆ ಹೆಸರು. ಶನಿವಾರ ಹೊತ್ತೇರುವುದರೊಳಗೆ ಮೆಲುಕು ಬಾರದಿದ್ದರೆ ಆಸೆ ಬಿಡಿ ಎಂದು ಪ್ರಾಜಕ್ತಾ ಹೇಳಿ ಹೋಗಿದ್ದಳು.

ಶನಿವಾರ ಸಂಘದ ಬಾಗಿಲು ಹಾಕಿ ಕಾಡಸಿದ್ದ ನೇರ ಬಿಡಾರಕ್ಕೆ ಬಂದ. ಮೂರು ದಿನದಿಂದ ಅವನದು ಇದೇ ಆಗಿತ್ತು. ಬಂದವನು ಮೊದಲು ಬಗ್ಗಿ ಹಿಕ್ಕೆ ನೋಡುತ್ತಿದ್ದ. ಹಾಲಿನ ಫ್ಯಾಟು ನೋಡುತ್ತಿದ್ದ ಕಣ್ಣಿಗೆ ಈಗ ಹಿಕ್ಕೆಯಲ್ಲಿ ಎಳೆ ಇದೆಯೋ ಇಲ್ಲವೋ ನೋಡುವುದೂ ಬರುತ್ತಿತ್ತು. ಇವತ್ತು ಎಳೆ ಇರಲಿಲ್ಲ. ಚಂದ್ರಿ ಬೇಲಿಗೆ ಮೈ ಆನಿಸಿ ಮಲಗಿತ್ತು. ಅವನು ಪಕ್ಕದಲ್ಲಿ ಕೂತು ಅದರ ಕತ್ತಿನ ಕೆಳಗೆ ಕೈ ಇಟ್ಟ. ನಾಗೂಬಾಯಿ ಎದುರಿಗೆ ಕೂತಿದ್ದಳು. ಜೋತಿಬಾ ಉಳಿದ ಹಿಂಡನ್ನು ಮೈ ತೊಳೆಯಲು ನೀರಿನ ಅಂಚಿಗೆ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಕಾಕು, ನಿನ್ನೆಗಿಂತ ಕಿವಿ ಬೆಚ್ಚಗ ಅದಾವ," ಎಂದ ಕಾಡಸಿದ್ದ.

"ಬಿಸಲಿಗೆ ನಿಮ್ಮವೂ ಬೆಚ್ಚಗ ಆಗ್ಯಾವ. ಸುಮ್ಮ ಕೂಡ್ರಿ."

ಬಿಸಿಲು ಬೇಲಿ ಹತ್ತಿ ಇಳಿದು ಅವರ ಕಾಲಿನವರೆಗೆ ಬಂತು. ಚಂದ್ರಿಯ ಕತ್ತಿನೊಳಗೆ, ಅವನ ಅಂಗೈಯ ಕೆಳಗೆ, ಏನೋ ಒಂದು ಗೋಲಿಯಂತೆ ಮೇಲಕ್ಕೆ ಹೋಯಿತು. ಕುರಿಯ ಕೆಳದವಡೆ ಒಂದು ಬದಿಗೆ ಸರಿದು ನಿಂತಿತು. ಆಮೇಲೆ ಇನ್ನೊಂದು ಬದಿಗೆ ಸರಿಯಿತು.

ಕಾಡಸಿದ್ದ ಏನೋ ಹೇಳಲು ಹೋದ. ನಾಗೂಬಾಯಿ ಬೆರಳೆತ್ತಿದಳು. ಅವನು ಬಾಯಿ ಮುಚ್ಚಿ ಮನಸ್ಸಿನಲ್ಲೇ ಎಣಿಸಿದ. ಮೂವತ್ತೊಂದು ಸಲ ಜಗಿದು ಚಂದ್ರಿ ನುಂಗಿತು. ಸ್ವಲ್ಪ ತಡೆದು ಎರಡನೆಯ ಮೆಲುಕು ಮೇಲೆ ಬಂತು.

ನಾಗೂಬಾಯಿ ಎದ್ದು ಸೆರಗು ಬಿಗಿದುಕೊಂಡಳು. ಸೀರೆಯ ನಿರಿಗೆ ಎತ್ತಿ ಕಚ್ಚೆ ಹಾಕಿಕೊಂಡು ನೀರಿನ ಕಡೆ ನಾಲ್ಕು ಹೆಜ್ಜೆ ನಡೆದವಳು ನಿಂತಳು.

"ಅದನ್ನ ಇವತ್ತ ತೊಳಿಯೂದ ಬ್ಯಾಡ. ಹೊಲಿಗಿ ಹಸಿ ಐತಿ," ಅಂದಳು. "ಹಿಂಡಿನ ಹಿಂದ ಓಡಿ ಬರ್ತೈತಿ ಅದು. ನಾವು ತೊಳಕೊಂಡ ಬರೂಮಟಾ ಹಿಡಕೊಂಡ ಕೂಡ್ರಿ."

ಕಾಡಸಿದ್ದ ಹಿಡಿದುಕೊಂಡು ಕೂತ.